ಗಂಟಿನಲ್ಲಿ ಉಳಿದ ಉಡಿಯಕ್ಕಿ

ಅಫಜಲಪುರದ ಬಟ್ಟೆ ವ್ಯಾಪಾರಿಗಳ ಸಭೆಯಲ್ಲಿ ನಾನು ಮಾತು ಮುಗಿಸಿ ಕೂತಾಗ, ಮುಂದಿನ ಸಾಲಿನ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದರು. ಯಾರಾದರೂ ಅದನ್ನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಯಾವ ಊರಿಗೆ ಹೋದರೂ ಈ ಗಾದೆ ನನಗಿಂತ ಮೊದಲೇ ಬಸ್ಸಿಳಿದು ಕುರ್ಚಿ ಹಿಡಿದಿರುತ್ತದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ನಮ್ಮಲ್ಲಿಗೆ ಬರುವ ಹೆಣ್ಣುಮಕ್ಕಳನ್ನು ಉಣ್ಣಲಿಕ್ಕೂ ಬಿಟ್ಟಿರುವುದಿಲ್ಲ, ಮಲಗಲಿಕ್ಕೂ ಬಿಟ್ಟಿರುವುದಿಲ್ಲ, ನಿಮ್ಮ ಗಾದೆ ಅವರಿಗೆ ಹೇಗೆ ಹೊಂದುತ್ತದೆ ಎಂದು ಜಗಳಕ್ಕೇ ನಿಲ್ಲುತ್ತಿದ್ದೆ. ಈಗ ಅವರು ಕೊಟ್ಟ ಚಹಾ ಕುಡಿದು ಎದ್ದು ಬರುತ್ತೇನೆ. ಸಿಟ್ಟು ಮಾಡಲಿಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

ಆಳಂದದ ಒಂದು ಓಣಿಯಲ್ಲಿ, ಗಂಡನ ಮನೆಯಲ್ಲಿ ಪೆಟ್ಟು ತಿಂದು ಹೊರಬಿದ್ದ ಹೆಣ್ಣುಮಕ್ಕಳಿಗೆ ಕೆಲವು ತಿಂಗಳು ಇರಲು ಜಾಗ ಕೊಡುವ ಸಂಸ್ಥೆ ನಡೆಸುತ್ತೇನೆ. ಸಂಸ್ಥೆ ಎಂದರೆ ಕೇಳಲಿಕ್ಕೆ ದೊಡ್ಡದು. ನೋಡಿದರೆ ಬಾಡಿಗೆಯ ಒಂದು ಹಳೆ ಮನೆ, ನಾನು, ಅಡುಗೆಯ ಅಜ್ಜಿ, ಕೋರ್ಟಿನ ಕೆಲಸಕ್ಕೆ ಆಗಾಗ ಬಂದುಹೋಗುವ ಒಬ್ಬ ವಕೀಲೆ, ಅಷ್ಟೇ. ಆ ಮನೆಯೂ ಕೈಬಿಟ್ಟು ಹೋಗುವುದರಲ್ಲಿತ್ತು. ಗಂಡಂದಿರು ಕುಡಿದು ಬಂದು ಓಣಿಯಲ್ಲಿ ನಿಂತು ಕೂಗಾಡುವುದು, ಬಾಗಿಲಿಗೆ ಕಲ್ಲು ಬೀಳುವುದು, ಇವೆಲ್ಲ ನೆರೆಯವರಿಗೆ ಸಾಕಾಗಿತ್ತು. ಮನೆ ಮಾಲೀಕರು ಒಳ್ಳೆಯವರೇ. ಯುಗಾದಿಯೊಳಗೆ ಬಿಟ್ಟುಕೊಡಿ ಎಂದು ಕೈಮುಗಿದು ಕೇಳಿದರು. ಬಯ್ದಿದ್ದರೆ ನಾನೂ ಬಯ್ಯಬಹುದಿತ್ತು, ಕೈಮುಗಿದವರಿಗೆ ಏನು ಹೇಳುವುದು? ಬೇರೆ ಮನೆ ಸಿಗದಿದ್ದರೆ ಒಳಗಿದ್ದವರು ತಾವು ಎಲ್ಲಿಂದ ಓಡಿ ಬಂದಿದ್ದರೋ ಅಲ್ಲಿಗೇ ಹೋಗಬೇಕಾಗಿತ್ತು. ಅದಕ್ಕೇ ನಾನು ಊರೂರು ತಿರುಗಿ ಮನೆ ಕೇಳುತ್ತಿದ್ದೆ.

ಕೇಳುವುದನ್ನೂ ಈಗ ಕಲಿಸುತ್ತಾರೆ. ಕಡಗಂಚಿಯಲ್ಲಿ ಒಂದು ತರಬೇತಿಗೆ ಹೋಗಿದ್ದೆ. ನನ್ನ ಮಗನ ವಯಸ್ಸಿನ ಒಬ್ಬ ಹುಡುಗ, ಮೊದಲು ಸಮಸ್ಯೆ, ಆಮೇಲೆ ಒಂದು ಕಥೆ, ಕೊನೆಗೆ ಬೇಡಿಕೆ, ಇದಕ್ಕೆ ಪಿಚ್ ಮಾಡುವುದು ಎನ್ನುತ್ತಾರೆ ಎಂದು ತಿಳಿಸಿ ಹೇಳಿದ. ಒಳ್ಳೆಯ ಹುಡುಗ, ನನ್ನ ಫೋನಿನಲ್ಲಿ ಚಿತ್ರಗಳನ್ನೂ ಜೋಡಿಸಿಕೊಟ್ಟ. ನಿಮ್ಮ ಹೆಣ್ಣುಮಕ್ಕಳಲ್ಲಿ ಒಬ್ಬರನ್ನು ಸಭೆಗೆ ಕರೆತಂದು ಮಾತಾಡಿಸಿ, ಜನರ ಕಣ್ಣು ತುಂಬಿ ಬರುತ್ತದೆ, ಕೈ ತಾನೇ ಬಿಚ್ಚುತ್ತದೆ ಎಂದ. ಅವರು ಊರ ಕಟ್ಟೆಯ ಮುಂದೆ ನಿಂತು ಸಾಕಷ್ಟು ಮಾತಾಡಿ ಬಂದಿದ್ದಾರಪ್ಪ ಎಂದೆ. ಅವನಿಗೆ ತಿಳಿಯಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ.

ಹಾಗೆ ಹೇಳುವಾಗ ನನ್ನ ಮನಸ್ಸಿನಲ್ಲಿದ್ದವಳು ನಿಂಬರ್ಗಾ ಕಡೆಯ ಒಬ್ಬ ಹುಡುಗಿ. ತೊಗರಿ ಕೊಯ್ಯುವ ಕೂಲಿಗೆ ಹೋಗುತ್ತಿದ್ದವಳು, ಇಪ್ಪತ್ತು ದಾಟಿ ಬಹಳ ಆಗಿರಲಿಲ್ಲ. ಗಂಡ ಮುರಿದ ಮುಂಗೈ ಸೊಟ್ಟಗೇ ಕೂಡಿಕೊಂಡಿತ್ತು, ರೊಟ್ಟಿ ಬಡಿಯುವಾಗ ಎಡಗೈಯಿಂದ ತಟ್ಟುತ್ತಿದ್ದಳು. ಅವಳ ಮಾತೆಲ್ಲ ತುಂಡು ತುಂಡು. ಅಜ್ಜಿಯೊಂದಿಗೆ ಕಾಳು ಹಸನು ಮಾಡುತ್ತ ಕೂತಾಗ ಒಂದಿಷ್ಟು, ಬಟ್ಟೆ ಒಣಹಾಕುವಾಗ ಒಂದಿಷ್ಟು ಹೇಳಿದ್ದಳು. ಪ್ರತಿ ಸಲ ತವರಿಗೆ ಓಡಿ ಬಂದಾಗಲೂ ಊರ ಹಿರಿಯರು ಕೂತು ನ್ಯಾಯ ಮಾಡಿ, ಹೋಗವ್ವ, ಇನ್ನು ಮುಂದೆ ಅವನು ನೆಟ್ಟಗಿರುತ್ತಾನೆ ಎಂದು ತಿರುಗಿ ಕಳಿಸುತ್ತಿದ್ದರಂತೆ. ಕಳಿಸುವ ದಿನ ತಾಯಿ ಅವಳ ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಡಿಸಿ, ಉಡಿ ತುಂಬಿ ಬಸ್ಸು ಹತ್ತಿಸುತ್ತಿದ್ದಳಂತೆ. ನಮ್ಮ ಕಡೆ ಮಗಳು ಗಂಡನ ಮನೆಗೆ ಹೊರಟಾಗ ಉಡಿ ತುಂಬದೆ ಕಳಿಸುವುದಿಲ್ಲ. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಮೇಲೊಂದು ಕುಬಸದ ಖಣ. ಅಕ್ಕಿಯನ್ನು ಹೋಗಿ ಸೇರಿದ ಮನೆಯಲ್ಲೇ ಬೇಯಿಸಿ ಉಣ್ಣಬೇಕು, ದಾರಿಯಲ್ಲಿ ಯಾರಿಗೂ ಕೊಡುವಂತಿಲ್ಲ. ಪ್ರೀತಿಯಿಂದಲೇ ಮಾಡುತ್ತಾರೆ. ಅದೇ ನನಗೆ ಸಂಕಟ.

ಅಫಜಲಪುರದ ನಂತರ ಜೇವರ್ಗಿಗೆ ಹೋದೆ. ತೊಗರಿ ಚೀಲಗಳ ನಡುವೆ ವ್ಯಾಪಾರಿಗಳ ಸಭೆ. ತೂಕದ ಕಾಟಾ ರಿಪೇರಿಯ ಮಾತು ಮುಗಿದ ಮೇಲೆ ನನ್ನ ಸರದಿ ಬಂತು. ಸಮಸ್ಯೆ, ಕಥೆ, ಬೇಡಿಕೆ, ಹುಡುಗ ಕಲಿಸಿದ ಹಾಗೆಯೇ ಒಪ್ಪಿಸಿದೆ. ಕಥೆಯ ಜಾಗದಲ್ಲಿ ಯಾರ ಗುರುತೂ ಸಿಗದಂತೆ ಏನೋ ಒಂದು ಹೇಳಿದೆ, ಅದು ನನಗೇ ಸಪ್ಪಗೆ ಕೇಳಿಸಿತು. ಒಬ್ಬರು, ಇದುವರೆಗೆ ಎಷ್ಟು ಸಂಸಾರ ಕೂಡಿಸಿದ್ದೀರಿ ಎಂದು ಕೇಳಿದರು. ಕೂಡಿಸುವ ಕೆಲಸ ನಮ್ಮದಲ್ಲ ಎಂದೆ. ಹಾಗಾದರೆ ಮುರಿಯುವುದೇ ಎಂದು ಯಾರೋ ಹಿಂದಿನಿಂದ ಅಂದರು, ನಾಲ್ಕು ಜನ ನಕ್ಕರು. ಹಳೆಯ ಬೇಳೆ ಮಿಲ್ಲಿನ ಸಾವುಕಾರರೊಬ್ಬರು ಮೂಲೆಯಲ್ಲಿ ಕೂತು ಉದ್ದಕ್ಕೂ ತೂಕಡಿಸಿದರು. ಅವರನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನನಗೂ ಅಲ್ಲೇ ಒಂದು ಚೀಲಕ್ಕೆ ಒರಗಿ ಮಲಗಬೇಕು ಅನ್ನಿಸಿತ್ತು.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದಾಗ ಅವರೇ ಕೋಲು ಊರಿಕೊಂಡು ಬಂದರು. ಎಂಬತ್ತು ದಾಟಿದವರು, ಹಣೆ ತುಂಬ ವಿಭೂತಿ, ತಲೆಗೆ ಬಿಳಿ ರುಮಾಲು. ಮಿಲ್ಲಿನ ಹಿಂದೆ ಮೊದಲು ಲೆಕ್ಕ ಬರೆಯುವ ಮುನೀಮರು ಇರುತ್ತಿದ್ದ ಮನೆ ಖಾಲಿ ಬಿದ್ದಿದೆ, ಆದರೆ ಮನೆಯವಳ ಮಾತು ಕೇಳದೆ ಏನೂ ಕೊಡುವವನಲ್ಲ, ಇಬ್ಬರೂ ಒಮ್ಮೆ ಬಂದು ನಿಮ್ಮಲ್ಲಿ ನೋಡುತ್ತೇವೆ ಎಂದರು. ಆ ತೂಕಡಿಕೆಯಲ್ಲಿ ನನ್ನ ಮಾತು ಎಷ್ಟು ಕಿವಿಗೆ ಬಿದ್ದಿತ್ತೋ ಗೊತ್ತಿಲ್ಲ. ಆಳಂದಕ್ಕೆ ಹೋಗುವ ದಾರಿಯುದ್ದಕ್ಕೂ ನಾನು ಆ ಮನೆಯ ಕಿಟಕಿಗಳಿಗೆ ಪರದೆ ಕಟ್ಟುತ್ತ ಕೂತಿದ್ದೆ, ಅಷ್ಟು ಆಸೆ.

ಅವರು ಬರುವ ದಿನ ನಾವೆಲ್ಲ ಬೆಳಿಗ್ಗೆಯಿಂದ ಸಡಗರ ಮಾಡಿದೆವು. ಅಂಗಳ ತೊಳೆದೆವು. ದೊಡ್ಡ ಮಂದಿ ಬರುತ್ತಾರೆ, ತಲೆ ಬಾಚಿಕೊಂಡು ಒಳ್ಳೆಯ ಸೀರೆ ಉಟ್ಟುಕೊಳ್ಳಿ ಎಂದು ಅಜ್ಜಿ ಎಲ್ಲರಿಗೂ ಹೇಳಿದಳು. ಯಾಕೆ ಬರುತ್ತಾರೆ ಎಂದು ನಾವು ಬಿಡಿಸಿ ಹೇಳಿರಲಿಲ್ಲ. ಸಿಗುತ್ತದೋ ಇಲ್ಲವೋ ಗೊತ್ತಿಲ್ಲದ ಮನೆಯ ಆಸೆ ಹುಟ್ಟಿಸುವುದು ಬೇಡ ಎಂದುಕೊಂಡಿದ್ದೆವು.

ಸಾವುಕಾರರು ಕಟ್ಟಿಗೆಯ ಕುರ್ಚಿಯಲ್ಲಿ ಕೂತರು. ಅವರ ಮನೆಯಮ್ಮ ಕೂರಲಿಲ್ಲ. ತಾವು ತಂದಿದ್ದ ಚೀಲದಿಂದ ತಾಟು ತೆಗೆದು, ಅಕ್ಕಿ, ಕೊಬ್ಬರಿ, ಅರಿಷಿಣ, ಖಣ ಜೋಡಿಸತೊಡಗಿದರು. ಹೆಣ್ಣುಮಕ್ಕಳಿರುವ ಮನೆಗೆ ಬರಿಗೈಯಲ್ಲಿ ಹೇಗೆ ಬರುವುದು ಎಂದು ಅವರ ಲೆಕ್ಕ. ನಮ್ಮ ಕಡೆಯ ಯಾವ ಹಿರಿಯ ಹೆಂಗಸಾದರೂ ಹಾಗೇ ಮಾಡುತ್ತಿದ್ದಳು. ನನಗೆ ಖುಷಿಯೇ ಆಯಿತು. ಉಡಿ ತುಂಬಲು ಮನಸ್ಸು ಬಂದವರಿಗೆ ಮನೆ ಕೊಡಲು ಮನಸ್ಸು ಬರದೇ ಇರುತ್ತದೆಯೇ ಎಂದುಕೊಂಡು, ನಾನು ಸಾವುಕಾರರ ಎದುರು ಕೂತು ಮತ್ತೆ ನನ್ನ ಸಮಸ್ಯೆ, ಕಥೆ, ಬೇಡಿಕೆ ಶುರುಮಾಡಿದೆ.

ಒಬ್ಬೊಬ್ಬರೇ ಬಂದು ಸೆರಗೊಡ್ಡಿ ಕೂತರು. ನಿಂಬರ್ಗಾದವಳೂ ಬಂದಳು. ಕುಂಕುಮ ಹಚ್ಚಿಸಿಕೊಂಡಳು, ತಲೆ ಎತ್ತಲಿಲ್ಲ. ಉಡಿಯನ್ನು ಬಿಗಿಯಾಗಿ ಗಂಟು ಕಟ್ಟಿಕೊಂಡು ಒಳಗೆ ಹೋದಳು. ನಾನು ಮಿಲ್ಲಿನ ಹಿಂದಿನ ಮನೆಯ ಚಾವಣಿ ಸೋರುತ್ತದೆಯೋ, ನೀರಿನ ಅನುಕೂಲ ಹೇಗೆ ಎಂದು ಕೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವಳು ಹೊರಗೆ ಬಂದಳು. ಬಟ್ಟೆಯ ಚೀಲ ಬಗಲಲ್ಲಿತ್ತು, ಚಪ್ಪಲಿ ಕೈಯಲ್ಲಿದ್ದವು. ಸಾವುಕಾರರ ಕಾಲಿಗೆ ಬಿದ್ದಳು, ಅಮ್ಮನ ಕಾಲಿಗೆ ಬಿದ್ದಳು, ಆಮೇಲೆ ನನ್ನ ಕಾಲಿಗೆ.

“ಯಾವ ಬಸ್ಸಿಗಿ ಹೋಗ್ಬೇಕ್ರಿ ಅಕ್ಕಾರ?” ಎಂದಳು.

ಅಳುತ್ತಿರಲಿಲ್ಲ. ಸಂತೆಗೆ ಹೋಗುವವರು ಕೇಳುವ ದನಿಯಲ್ಲೇ ಕೇಳಿದಳು. ಆಗ ಕಣ್ಣೆದುರು ಇದ್ದದ್ದೆಲ್ಲ ನನಗೆ ಅವಳ ಕಣ್ಣಿನಿಂದ ಕಂಡಿತು. ಬಾಚಿದ ತಲೆ, ಒಳ್ಳೆಯ ಸೀರೆ, ರುಮಾಲು ಸುತ್ತಿದ ಹಿರಿಯರು, ಅವರ ಮುಂದೆ ಮೆಲ್ಲಗೆ ಮಾತಾಡುತ್ತ ಕೂತ ನಾನು, ತುಂಬಿದ ಉಡಿ. ಅವಳ ಪಾಲಿಗೆ ನ್ಯಾಯ ಮುಗಿದಿತ್ತು, ಕಳಿಸುವುದಷ್ಟೇ ಬಾಕಿ. ನಾನು ಎದ್ದು ಅವಳ ಚೀಲ ಹಿಡಿದುಕೊಂಡು, ನಿನ್ನನ್ನು ಯಾರೂ ಕಳಿಸುತ್ತಿಲ್ಲ, ಇವರು ನಿನ್ನ ಗಂಡನ ಕಡೆಯವರಲ್ಲ, ನಮಗೆ ಮನೆ ಕೊಡಲು ಬಂದವರು ಎಂದೆ. ಹೌದ್ರಿ, ಹೌದ್ರಿ ಎಂದಳು. ಚೀಲ ಮಾತ್ರ ಬಿಡಲಿಲ್ಲ. ತಾಯಿಯೂ ಪ್ರತಿ ಸಲ, ನಿನ್ನನ್ನೇನು ಕಳಿಸುತ್ತಿಲ್ಲ, ನಾಲ್ಕು ದಿನ ಇದ್ದು ನೋಡಿ ಬಾ ಎನ್ನುತ್ತಿದ್ದಳಂತೆ. ಅಜ್ಜಿ ಬಂದು ಅವಳನ್ನು ಒಳಗೆ ಕರೆದುಕೊಂಡು ಹೋದಳು. ನಾನು ಹೊಸ್ತಿಲ ಮೇಲೇ ಕೂತುಬಿಟ್ಟೆ. ಇಷ್ಟು ವರ್ಷ ಊರೂರು ತಿರುಗಿ, ನಮ್ಮ ಮನೆಯೊಳಗೇ ಇದ್ದವಳಿಗೆ ನಂಬಿಕೆ ಹುಟ್ಟಿಸಲಾಗಲಿಲ್ಲವಲ್ಲ ಎಂದು ದುಃಖವಾಯಿತು.

ಸಾವುಕಾರರ ಮನೆಯಮ್ಮ ಮೊದಲ ಬಾರಿಗೆ ಕೂತರು, ನೆಲದ ಮೇಲೆ, ಖಾಲಿ ತಾಟನ್ನು ತೊಡೆಯ ಮೇಲಿಟ್ಟುಕೊಂಡು. “ಎಷ್ಟ್ ಹೆಣ್ಮಕ್ಕಳ ಉಡಿ ತುಂಬಿ ಕಳಿಸೇನಿ ತಂಗಿ. ಕುಂಕುಮ ಹಚ್ಚಾಗ ಒಬ್ಬಾಕಿ ಮಾರಿನೂ ನೋಡಿಲ್ಲ ನಾ” ಎಂದರು. ಸಾವುಕಾರರು ಎದ್ದರು. ನೀರು ಕುಡಿದು, ಕೋಲು ತೆಗೆದುಕೊಂಡು ಹೊರಟರು. ಮನೆಯ ಮಾತು ಎತ್ತಲೇ ಇಲ್ಲ. ಹೋಯಿತು ಎಂದುಕೊಂಡೆ.

ವಕೀಲೆಗೆ ಇದನ್ನು ಹೇಳಿದಾಗ, ಅವಳು ಕಣ್ಣೊರೆಸಿಕೊಂಡು, ಇದನ್ನೇ ಸಭೆಯಲ್ಲಿ ಹೇಳಿ, ಯಾರೂ ಇಲ್ಲ ಎನ್ನುವುದಿಲ್ಲ ಎಂದಳು. ಅವಳು ಹೇಳಿದ್ದು ಸರಿಯೇ ಇದ್ದೀತು. ನಾನು ಯಾವ ಸಭೆಯಲ್ಲೂ ಹೇಳಲಿಲ್ಲ. ಈಗ ಬರೆಯುವ ಮೊದಲು ನಿಂಬರ್ಗಾದವಳನ್ನೇ ಕೇಳಿದೆ. ಹೆಸರು ಬೇಡ, ಊರು ಬೇಕಾದರೆ ಬರೆಯಿರಿ, ಅಲ್ಲಿ ನನ್ನಂಥವರು ಬಹಳ ಮಂದಿ ಇದ್ದಾರೆ ಎಂದಳು.

ಆ ದಿನದ ಉಡಿಯನ್ನು ಉಳಿದವರೆಲ್ಲ ಬಿಚ್ಚಿ ಅಕ್ಕಿಯನ್ನು ಅಡುಗೆಗೆ ಸುರಿದರು. ಅವಳು ಸುರಿಯಲಿಲ್ಲ. ಒಂದು ಹಳೆ ಬಟ್ಟೆಯಲ್ಲಿ ಗಂಟು ಕಟ್ಟಿ ತನ್ನ ಹಾಸಿಗೆಯ ಮೇಲಿನ ಮೊಳೆಗೆ ತೂಗುಹಾಕಿದಳು. ಚೀಲವೂ ಅದರ ಪಕ್ಕದಲ್ಲೇ ಇತ್ತು. ಕಳಿಸುವುದಿಲ್ಲ ಎಂದು ನಾನು ಮತ್ತೆ ಮತ್ತೆ ಹೇಳಿದೆ, ಅವಳು ಹೌದ್ರಿ ಎಂದಳು, ಗಂಟು ಅಲ್ಲೇ ಉಳಿಯಿತು. ದಿನಾ ಕಸ ಹೊಡೆಯಲು ಹೋದಾಗ ಅದು ಕಣ್ಣಿಗೆ ಬೀಳುತ್ತಿತ್ತು. ಒಂದೊಂದು ದಿನ ಅವಳ ಮೇಲೇ ಸಿಟ್ಟು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಸಭೆಗಳಲ್ಲಿ ನನ್ನನ್ನು ನಂಬದವರು ಎಷ್ಟೋ ಮಂದಿ, ಮನೆಯಲ್ಲೂ ಒಬ್ಬಳು.

ಯುಗಾದಿ ಹತ್ತಿರ ಬಂದಾಗ ಸಾವುಕಾರರ ಫೋನು ಬಂತು. “ನಾ ಇರೂ ತನಕ ಮನಿ ನಿಮ್ದವ್ವ. ನನ್ನ ಹಿಂದ ಮಕ್ಕಳು ಏನ್ ಅಂತಾರೋ, ಅದು ನನ್ನ ಕೈಯಾಗಿಲ್ಲ” ಎಂದರು. ಮನೆಯವಳು ಅಂದಿನಿಂದ ಸರಿಯಾಗಿ ಊಟ ಮಾಡಿಲ್ಲ ಎಂದೂ ಸೇರಿಸಿದರು. ನನ್ನ ಪಿಚ್ಚಿನ ಬಗ್ಗೆ ಏನೂ ಹೇಳಲಿಲ್ಲ. ಹೇಳುವಂಥದ್ದು ಅದರಲ್ಲಿ ಇರಲೂ ಇಲ್ಲ.

ಒಂದು ಟೆಂಪೊದಲ್ಲಿ ಪಾತ್ರೆ, ಹಾಸಿಗೆ, ಹೊಲಿಗೆ ಯಂತ್ರ ಹಾಕಿಕೊಂಡು ಜೇವರ್ಗಿಗೆ ಬಂದೆವು. ಮನೆ ಗಟ್ಟಿಯಾಗಿತ್ತು. ಗೋಡೆಗಳಿಗೆ ಇನ್ನೂ ತೊಗರಿ ಹೊಟ್ಟಿನ ವಾಸನೆ ಇತ್ತು. ಎದುರಿನ ರಸ್ತೆಯಲ್ಲಿ ಇಜೇರಿಗೆ ಹೋಗುವ ಬಸ್ಸು ಧೂಳೆಬ್ಬಿಸಿಕೊಂಡು ಹೋಗುತ್ತದೆ. ಆಳಂದದ ಗಂಡಂದಿರಿಗೆ ಕುಡಿದು ಇಷ್ಟು ದೂರ ಬರುವ ಉಮೇದು ಇರಲಿಕ್ಕಿಲ್ಲ ಎಂದು ಅಜ್ಜಿಗೆ ಸಮಾಧಾನ. ನಾನು ಸಂಜೆಯ ಹೊತ್ತಿಗೆ ಮೆಟ್ಟಿಲ ಮೇಲೆ ಕೂತೆ, ಏಳಲಾಗಲಿಲ್ಲ. ಸೋಮವಾರ ಮತ್ತೆ ಅಫಜಲಪುರಕ್ಕೆ ಹೋಗಬೇಕಿತ್ತು. ಮನೆ ಸಿಕ್ಕರೆ ಆಯಿತೇ, ಹಿಟ್ಟು ಬೇಕು, ಔಷಧ ಬೇಕು. ಮತ್ತೆ ಸಮಸ್ಯೆ, ಕಥೆ, ಬೇಡಿಕೆ. ಮತ್ತೆ ಆ ಗಾದೆ.

ಒಳಗಿನಿಂದ ಅನ್ನದ, ಬೆಲ್ಲ ಕರಗುವ ವಾಸನೆ ಬಂತು. ಅಕ್ಕಿಯ ಡಬ್ಬಿಯನ್ನು ನಾವಿನ್ನೂ ಬಿಚ್ಚಿರಲಿಲ್ಲ, ಅಕ್ಕಿ ಎಲ್ಲಿಂದ ಬಂತು ಎಂದು ಯೋಚಿಸುವಷ್ಟೂ ಎಚ್ಚರ ನನಗಿರಲಿಲ್ಲ. ನಿಂಬರ್ಗಾದವಳು ತಾಟು ಹಿಡಿದು ಬಂದು ಪಕ್ಕದಲ್ಲಿ ಕೂತಳು. ಬೆಲ್ಲದನ್ನ, ಮೇಲೆ ಹೆರೆದ ಕೊಬ್ಬರಿ.

“ಉಡಿ ಅಕ್ಕಿ ಅದಾವ್ರಿ, ಉಣ್ರಿ” ಎಂದಳು.

ನಾನು ಉಂಡೆ. ಕಣ್ಣಲ್ಲಿ ನೀರು ಬಂತು, ತಡೆಯಲು ಹೋಗಲಿಲ್ಲ. ಅವಳು ಮತ್ತೊಂದಿಷ್ಟು ಹಾಕಲೇ ಎಂದು ಕೇಳಿದಳು. ಸಾವುಕಾರರು ಮನೆಯನ್ನು ಎಲ್ಲಿಯ ತನಕ ಕೊಟ್ಟಿದ್ದಾರೆ ಎಂಬುದನ್ನು ಅವಳಿಗೆ ಹೇಳಬೇಕೆಂದು ಬಾಯಿಯ ತನಕ ಬಂತು, ಹೇಳಲಿಲ್ಲ. ದೇವರಲ್ಲಿ ಬೇಡುವುದನ್ನು ನಾನು ಎಂದೋ ಬಿಟ್ಟಿದ್ದೇನೆ, ಮನುಷ್ಯರಲ್ಲಿ ಬೇಡಿಯೇ ಸುಸ್ತಾಗಿದೆ. ಆ ಸಂಜೆ ಮಾತ್ರ ತಾಟು ತೊಡೆಯ ಮೇಲಿಟ್ಟುಕೊಂಡು, ಸಭೆಯಲ್ಲಿ ತೂಕಡಿಸುವ ಆ ಮುದುಕರಿಗೆ ಇನ್ನೂ ಇಪ್ಪತ್ತು ವರ್ಷ ಆಯುಷ್ಯ ಕೊಡು ಎಂದು ಬೇಡಿಕೊಂಡೆ.