ಬಂಗುಡೆ ತಿಂದರೂ ಊಟವಾಗಲಿಲ್ಲ

ಗೆಳೆಯರೇ, ಊಟ ಎಂದರೆ ಯಾವುದು? ತಲೆ ಕೆಟ್ಟು ಕೂತಿದ್ದೇನೆ, ಯಾರಾದರೂ ಹೇಳಿ.

ನಮ್ಮ ಮಾವನವರಿಗೆ ಶುಗರ್ ಏರಿದೆ. ರಾತ್ರಿ ಹೊತ್ತು ಅನ್ನ, ಮುದ್ದೆ ಎರಡೂ ಬೇಡ ಎಂದಿದ್ದಾರೆ ಡಾಕ್ಟರ್. ಅದಕ್ಕೇ ಇವತ್ತು ಆಫೀಸಿನಿಂದ ಬರುವಾಗ ವಿಜಯನಗರದಲ್ಲಿ ಬಂಗುಡೆ ಮೀನು ಕೊಂಡೆ. ಬೆಳ್ಳುಳ್ಳಿ, ಖಾರದ ಪುಡಿ, ನಿಂಬೆರಸ ಸವರಿ, ಪಕ್ಕದಲ್ಲಿ ಒಂದಿಷ್ಟು ಹೂಕೋಸು ಹರಡಿ ಓವನ್ನಿಗೆ ಇಟ್ಟೆ. ಅರ್ಧ ಗಂಟೆಯೊಳಗೆ ಕೆಲಸ ಮುಗಿಯಿತು.

ಮಾವ ಮೂರು ಮೀನು ತಿಂದರು, ಮುಳ್ಳು ಮಾತ್ರ ಉಳಿಸಿದರು. "ಬಲೇ ಚೆನ್ನಾಗಿತ್ತು ಕಣಮ್ಮ" ಎಂದು ಕೈ ತೊಳೆದು ಗೇಟಿನ ಹತ್ತಿರ ಹೋಗಿ ನಿಂತರು. ನನಗೋ ಹೆಮ್ಮೆ.

ಪಕ್ಕದ ಮನೆಯ ಆಂಟಿ ಕೇಳಿದರು, "ಊಟ ಆಯ್ತಾ ಅಣ್ಣ?"

"ಎಲ್ಲಿ ಊಟ ಕಣಮ್ಮ, ಒಂದೆರಡು ಮೀನು ತಿಂದೆ ಅಷ್ಟೇ."

ನಾನು ಹೊರಗೆ ಓಡಿ ಬರುವಷ್ಟರಲ್ಲಿ ಮುದ್ದೆ, ಬಸ್ಸಾರಿನ ತಟ್ಟೆ ಕಾಂಪೌಂಡ್ ದಾಟಿ ಬಂದಿತ್ತು. ಆಂಟಿ ನನ್ನನ್ನೇ ಸಮಾಧಾನ ಮಾಡಿದರು. "ಆಫೀಸು ಮಾಡ್ಕೊಂಡು ಅಡುಗೆ ಮಾಡೋಕೆ ಎಲ್ಲಿ ಆಗುತ್ತೆ, ಬಿಡಮ್ಮ."

"ಮಾವ, ಈಗ ತಾನೇ ಊಟ ಮಾಡಿದ್ರಲ್ಲ!"

ಮುದ್ದೆ ಮುರಿಯುತ್ತಿದ್ದ ಮಾವ ನನಗಿಂತ ಹೆಚ್ಚು ಗೊಂದಲದಲ್ಲಿ ತಲೆ ಎತ್ತಿದರು. "ಯಾವಾಗಮ್ಮ?"

ಊಟವಾದ ಮೇಲೆ ಕೊಡಬೇಕಾದ ಮಾತ್ರೆ ಕೈಯಲ್ಲಿ ಹಿಡಿದು ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ಮಾವಂದು ಊಟ ಆಯ್ತಾ?"

ಉತ್ತರ ಗೊತ್ತಿದ್ದವರು ಬೇಗ ಹೇಳಿ. ಡಾಕ್ಟರ್ ಇನ್ನೂ ಲೈನಿನಲ್ಲೇ ಇದ್ದಾರೆ.