ನವಿಲುಬಣ್ಣದ ಬಾಡಿಗೆ ಮನೆ

ನವಿಲಕ್ಕನಿಗೆ ಆ ಹೆಸರಿಟ್ಟವರು ಅಂಗಡಿಯವರು. ಅದೊಂದು ದೊಡ್ಡ ಫರ್ನಿಚರ್ ಶೋರೂಮು. ಅದರ ಎರಡನೇ ಮಹಡಿಯಲ್ಲಿ ಸಾಲಾಗಿ ಹದಿನಾಲ್ಕು ಸುಳ್ಳು ಕೋಣೆಗಳು. ಮೂರು ಗೋಡೆ ಇವೆ, ನಾಲ್ಕನೆಯದಿಲ್ಲ. ಕಿಟಕಿ ಇದೆ, ಅದರಾಚೆ ಏನೂ ಇಲ್ಲ. ಕಪಾಟಿನಲ್ಲಿ ಪುಸ್ತಕಗಳ ಬೆನ್ನು ಮಾತ್ರ ಇದೆ, ಹೊಟ್ಟೆ ಖಾಲಿ. ಮನೆಯವರು ಈಗಷ್ಟೇ ಎದ್ದು ಒಳಗೆ ಹೋಗಿದ್ದಾರೇನೋ ಅನ್ನಿಸುವ ಹಾಗೆ ಈ ಕೋಣೆಗಳನ್ನು ಜೋಡಿಸುವುದು ಅವಳ ಕೆಲಸ. ಅವಳ ಕೈಗೆ ಬಿಟ್ಟರೆ ಒಂದು ಕೋಣೆಯಾದರೂ ನವಿಲುಗತ್ತಿನ ಬಣ್ಣಕ್ಕೆ ತಿರುಗದೆ ಇರುತ್ತಿರಲಿಲ್ಲ. ಗಾಢವಾದದ್ದನ್ನು ಟೀಲ್ ಎಂದೂ ತಿಳಿಯಾದದ್ದನ್ನು ಟರ್ಕಾಯ್ಸ್ ಎಂದೂ ಅಂಗಡಿಯ ಪಟ್ಟಿಯಲ್ಲಿ ಬರೆಯುತ್ತಾರೆ. ಇದು ನೀಲಿಯೋ ಹಸಿರೋ ಎಂದು ಗಿರಾಕಿಗಳು ಕೇಳಿದರೆ, "ಹೊಟ್ಟೆ ತುಂಬಿದೋರಿಗೆ ನೀಲಿ, ಹಸಿದೋರಿಗೆ ಹಸಿರು" ಎನ್ನುತ್ತಿದ್ದಳು. ಗಿರಾಕಿಗಳು ನಗುತ್ತಿದ್ದರು, ನಕ್ಕವರು ಕೊಳ್ಳುತ್ತಿದ್ದರು.

ಊರಿಗೆಲ್ಲ ಮನೆ ಚೆಂದ ಮಾಡಿಕೊಟ್ಟವಳ ಸ್ವಂತ ಪಾಡು ಕೇಳಬೇಡಿ. ಮದುವೆಯಾಗಿ ಇಪ್ಪತ್ತೆರಡು ವರ್ಷ, ಅಷ್ಟರಲ್ಲಿ ಹನ್ನೊಂದು ಬಾಡಿಗೆ ಮನೆ. ಮಕ್ಕಳಾಗಲಿಲ್ಲ, ಅದರ ಕಥೆ ಇಲ್ಲಿ ಬೇಡ. ಗಂಡ ಲಿಫ್ಟ್ ರಿಪೇರಿ ಮಾಡುವವನು, ಒಳ್ಳೆಯ ಮನುಷ್ಯ, ಹೆಜ್ಜೆ ಹೆಜ್ಜೆಗೂ ಹಿಂಜರಿಕೆ. ಟಿವಿ, ಮಿಕ್ಸಿ, ಫ್ಯಾನು ಏನೇ ತಂದರೂ ಅದರ ರಟ್ಟಿನ ಡಬ್ಬವನ್ನು ಮಡಚಿ ಅಟ್ಟದ ಮೇಲೆ ಇಡುತ್ತಿದ್ದ. ಮುಂದಿನ ಮನೆಗೆ ಹೋಗುವಾಗ ಬೇಕಲ್ಲ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಮದುವೆ ಆಗಿ ನೋಡಿದ್ದೀನಿ ಕಣೆ, ಅಷ್ಟಕ್ಕೇ ಸುಸ್ತಾಗಿದ್ದೀನಿ" ಎಂದು ಅವಳನ್ನು ರೇಗಿಸುತ್ತಿದ್ದ. ಹನ್ನೊಂದು ಮನೆಯಲ್ಲಿ ಒಂದರ ಗೋಡೆಗೂ ಇವಳು ಮೊಳೆ ಹೊಡೆಯಲಿಲ್ಲ. ಓನರುಗಳು ಬಿಡುತ್ತಿರಲಿಲ್ಲ. ಕ್ಯಾಲೆಂಡರನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡು ಕಾಲ ಹಾಕಿದಳು.

ಹನ್ನೆರಡನೆಯದು ಒಂದು ಮಹಡಿ ಮನೆ. ಕೆಳಗೆ ಓನರಮ್ಮ ಒಬ್ಬರೇ. ಮಗಳು ಮದುವೆಯಾಗಿ ಹೋಗಿದ್ದಳು. ಅವರ ಮಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದ, ಮದುವೆ ಬೇಡ ಎಂದು ಹಟ ಹಿಡಿದು ಕೂತಿದ್ದ. ಮೊದಲ ದಿನವೇ ಓನರಮ್ಮ ಬೀಗದ ಕೈ ಕೊಡುತ್ತಾ, "ನೋಡಮ್ಮ, ನನಗಂತೂ ಮೇಲೆ ಹತ್ತೋಕೆ ಕಾಲಲ್ಲಿ ಶಕ್ತಿ ಇಲ್ಲ. ಬಣ್ಣ ಹೊಡಿಸ್ಕೋ, ಮೊಳೆ ಹೊಡ್ಕೋ, ಏನ್ ಬೇಕಾದ್ರೂ ಮಾಡ್ಕೋ. ನೀವೇ ಇರೋದು ತಾನೇ" ಎಂದರು. ಇಂಥ ಮಾತನ್ನು ಎಲ್ಲರೂ ಆಡುತ್ತಾರೆ. ಕೇಳಿಸಿಕೊಂಡವರು ತಲೆಯಾಡಿಸಿ ಸುಮ್ಮನಿರಬೇಕು. ನವಿಲಕ್ಕ ನಂಬಿದಳು.

"ಅವರು ಬಾಯಿಮಾತಿಗೆ ಅಂದಿದ್ದು ಕಣೆ" ಎಂದ ಗಂಡ.

"ಬಾಯಿಂದಲ್ಲದೆ ಇನ್ನೆಲ್ಲಿಂದ ಅನ್ಬೇಕಿತ್ತು?" ಎಂದಳು ಇವಳು. ಗಂಡ ಬ್ರಷ್ಷು ತರಲು ಹೊರಟ.

ಎದುರು ಗೋಡೆಗೆ ಗಾಢ ನವಿಲುಬಣ್ಣ, ಉಳಿದ ಮೂರಕ್ಕೆ ಹಾಲುಬಿಳಿ. ಎರಡು ಭಾನುವಾರ ಗಂಡಹೆಂಡತಿಯೇ ನಿಂತು ಬಳಿದರು. ಬಾಗಿಲ ಪಕ್ಕದಿಂದ ಕಿಟಕಿಯವರೆಗೆ ಗೋಡೆಯುದ್ದಕ್ಕೂ ಅಲಮಾರಿ, ಅದಕ್ಕೇ ಸೇರಿಸಿ ಕಿಟಕಿಯ ಕೆಳಗೆ ಕೂರುವ ಕಟ್ಟೆ. ಅದನ್ನು ಬಡಗಿಯಿಂದ ಮಾಡಿಸಿ ತಾನೇ ಉಪ್ಪುಕಾಗದದಲ್ಲಿ ಉಜ್ಜಿ ಮೂರು ಕೋಟು ಬಣ್ಣ ಕೊಟ್ಟಳು. ಅಂಗಡಿಯಲ್ಲಿ ಕಾಲು ಮುಕ್ಕಾಗಿ ಮೂಲೆಗೆ ಬಿದ್ದಿದ್ದ ಸೋಫಾ ತಂದು, ತಿಳಿ ಹಸಿರುನೀಲಿ ಬಟ್ಟೆಯ ಹೊದಿಕೆ ಹಾಕಿಸಿದಳು. ಅದರ ಮೇಲೆ ಐದು ದಿಂಬು, ಗಾಢದಿಂದ ತಿಳಿಗೆ. ಒಂದೊಂದಕ್ಕೂ ಅದರದೇ ಜಾಗ.

ಎಲ್ಲಕ್ಕಿಂತ ಮಿಗಿಲಾದದ್ದು ದೀಪ. ಮಡಕೆಯಷ್ಟು ದೊಡ್ಡ ಹಸಿರುನೀಲಿ ಗಾಜಿನ ತೂಗುದೀಪ. ಶೋರೂಮಿನಲ್ಲಿ ಯಾರದೋ ಮೊಣಕೈ ತಗುಲಿ ಸೀಳು ಬಿಟ್ಟಿತ್ತು. ಎಸೆಯಲು ಹೊರಟಿದ್ದನ್ನು ಕೇಳಿ ತಂದಳು. ಗಂಡ ಸೀಳಿನ ಬದಿಯನ್ನು ಗೋಡೆಯ ಕಡೆ ತಿರುಗಿಸಿ, ಸೂರಿನಲ್ಲಿ ಮೊದಲೇ ಇದ್ದ ಕೊಕ್ಕೆಗೆ ನೇತುಹಾಕಿದ. ಸ್ವಿಚ್ಚಿಗೆ ಗೋಡೆ ಕೊರೆಯಲು ಮಾತ್ರ ಅವನಿಗೆ ಕೈ ಬರಲಿಲ್ಲ. "ಎಷ್ಟಾದ್ರೂ ಅವರ ಗೋಡೆ" ಎಂದು ತಂತಿಯನ್ನು ಅಲಮಾರಿಯ ಹಿಂದಿನಿಂದ ಇಳಿಸಿ, ಅಲಮಾರಿಗೂ ಬಾಗಿಲಿಗೂ ನಡುವಿನ ಸಂದಿಯಲ್ಲಿ ಒಂದು ಪುಟ್ಟ ಸ್ವಿಚ್ಚು ಇಟ್ಟ. ಹೊರಗಿನವರ ಕಣ್ಣಿಗೆ ಅದು ಬೀಳುವುದಿಲ್ಲ. ಗೊತ್ತಿದ್ದವರು ಹೊಸ್ತಿಲು ದಾಟುತ್ತಲೇ ಎಡಗೈ ಒಳಗೆ ತೂರಿಸಿದರೆ ಸಾಕು.

ಸಂಜೆ ಕೆಲಸದಿಂದ ಬಂದು ಆ ದೀಪ ಹಾಕಿದರೆ ಬಿಳಿ ಗೋಡೆಗಳೆಲ್ಲ ಕೆರೆಯ ತಳದ ಹಾಗೆ ಆಗುತ್ತಿದ್ದವು. ನವಿಲಕ್ಕ ಕಟ್ಟೆಯ ಮೇಲೆ ಕಾಲು ನೀಡಿ ಕೂರುತ್ತಿದ್ದಳು. ಹನ್ನೊಂದು ಮನೆಗಳನ್ನು 'ನಾವಿರೋ ಮನೆ' ಎನ್ನುತ್ತಿದ್ದವಳು ಇದನ್ನು 'ನಮ್ಮನೆ' ಎನ್ನತೊಡಗಿದಳು. ಒಂದು ದಿನ ಅಟ್ಟದ ಮೇಲಿನ ರಟ್ಟಿನ ಡಬ್ಬಗಳನ್ನೆಲ್ಲ ಗುಜರಿಯವನಿಗೆ ಹಾಕಿಬಿಟ್ಟಳು. ಗಂಡ ಬೈಯಲಿಲ್ಲ. ಅವನಿಗೂ ಆ ಕಟ್ಟೆಯ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವುದು ರೂಢಿಯಾಗಿತ್ತು.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಅವಳೇ ಒಂದು ತಪ್ಪು ಮಾಡಿದಳು. ಚೆಂದದ್ದನ್ನು ಮಾಡಿದವರಿಗೆ ಯಾರಿಗಾದರೂ ತೋರಿಸದೆ ನಿದ್ದೆ ಬರುವುದಿಲ್ಲ, ಅದೊಂದು ರೋಗ. ಓನರಮ್ಮನನ್ನು ಕೈ ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದಳು. ದೀಪ ಮೊದಲೇ ಹಾಕಿಟ್ಟಿದ್ದಳು. ಅವರು ಸೋಫಾದಲ್ಲಿ ಕೂತು ಒಂದೊಂದೇ ಗೋಡೆ ನೋಡಿದರು.

"ನಮ್ಮನೆ ಇಷ್ಟು ಚೆನ್ನಾಗಿದೆ ಅಂತ ನನಗೇ ಗೊತ್ತಿರಲಿಲ್ಲ ನೋಡು" ಎಂದರು ಕೊನೆಗೆ.

ನವಿಲಕ್ಕ ಅದನ್ನು ಹೊಗಳಿಕೆ ಎಂದುಕೊಂಡು ಇನ್ನೊಂದು ಲೋಟ ಕಾಫಿ ಕೊಟ್ಟಳು.

ಆರು ತಿಂಗಳಾದ ಮೇಲೆ ಒಂದು ಸಂಜೆ ಮನೆಗೆ ಬಂದು ನೋಡುತ್ತಾಳೆ, ಸೋಫಾದ ಮೇಲಿನ ದಿಂಬುಗಳಲ್ಲಿ ಎರಡನೆಯದು ನಾಲ್ಕನೆಯದರ ಜಾಗದಲ್ಲಿದೆ. ಬೇರೆಯವರಿಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಯಾರೋ ಬಂದು ಕೂತು ಎದ್ದು ಹೋಗಿದ್ದಾರೆ. ಇನ್ನೊಂದು ಬೀಗದ ಕೈ ಇದ್ದದ್ದು ಓನರಮ್ಮನ ಹತ್ತಿರ. ಕೆಳಗಿಳಿದು ಕೇಳಿದಳು.

ಓನರಮ್ಮ ಮುಚ್ಚಿಡಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದರು. "ಮಗ ಮದುವೆಗೆ ಒಪ್ಕೊಂಡ ಕಣಮ್ಮ. ಇಲ್ಲಿಗೇ ವರ್ಗ ಮಾಡಿಸ್ಕೊಂಡು ಬರ್ತಿದ್ದಾನೆ. ಹುಡುಗಿಯ ಕಡೆಯೋರು ಮನೆ ನೋಡ್ಬೇಕು ಅಂದ್ರು. ಕೆಳಗೆ ತೋರಿಸಿದ್ರೆ ಮುಖ ಸಣ್ಣ ಮಾಡಿದ್ರು, ಹೇಗೋ ಮೆಟ್ಟಿಲು ಹತ್ತಿ ಮೇಲೆ ಕರ್ಕೊಂಡು ಹೋದೆ. ಹುಡುಗಿ ಅಲ್ಲೇ ಹೂಂ ಅಂದ್ಳು. ಏನೂ ಬದಲಾಯಿಸ್ಬೇಡಿ, ಹೀಗೇ ಇರ್ಲಿ ಅಂದ್ಳು. ಎಲ್ಲಾ ನಿನ್ನಿಂದ್ಲೇ ಆಗಿದ್ದು."

"ಹಾಗಾದ್ರೆ ನಾವು?"

"ಮದುವೆಗಿನ್ನೂ ಎರಡು ತಿಂಗಳಿದೆಯಲ್ಲಮ್ಮ, ನಿಧಾನವಾಗಿ ಬೇರೆ ಮನೆ ನೋಡ್ಕೊಳ್ಳಿ."

ನವಿಲಕ್ಕ ಬೇಡಿಕೊಂಡಳು. ಅವಳ ಸ್ವಭಾವಕ್ಕೆ ಅದು ಸುಲಭದ್ದಲ್ಲ. ಬಾಡಿಗೆ ಹೆಚ್ಚಿಗೆ ಕೊಡುತ್ತೇವೆ ಎಂದಳು, ಕೆಳಗಿನ ಮನೆಗೂ ಹೀಗೆಯೇ ಬಣ್ಣ ಬಳಿದು ಕೊಡುತ್ತೇನೆ ಎಂದಳು. ಓನರಮ್ಮನಿಗೂ ಕಣ್ಣಲ್ಲಿ ನೀರು ಬಂತು. ಬಂದರೇನು, ಮಗ ಮಗನೇ. ಗೋಡೆಗೆ, ಸೂರಿಗೆ ಹತ್ತಿಸಿದ್ದನ್ನು ಕಿತ್ತರೆ ಮನೆ ಕುಲಗೆಡುತ್ತದೆ, ಅಲಮಾರಿ, ಕಟ್ಟೆ, ದೀಪ ಇದ್ದ ಹಾಗೇ ಇರಲಿ ಎಂದು ಮಗ ಫೋನಿನಲ್ಲಿ ಹೇಳಿದನಂತೆ. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲು. ಆ ಗಾದೆಯನ್ನು ಯಾವ ಪುಣ್ಯಾತ್ಮ ಮಾಡಿದನೋ, ಅವನೂ ಬಾಡಿಗೆ ಮನೆಯಲ್ಲಿ ಇದ್ದವನೇ ಇರಬೇಕು.

ಹದಿಮೂರನೇ ಮನೆ ಸಿಕ್ಕಿದ್ದು ಒಂದು ಕಟ್ಟಡದ ಹಿಂಬದಿ, ಮೂರನೇ ಮಹಡಿಯಲ್ಲಿ. ಮೆಟ್ಟಿಲಿನ ತಿರುವಿನಲ್ಲಿ ಸೋಫಾ ಹೋಗಲಿಲ್ಲ. ಅದನ್ನೂ ದಿಂಬುಗಳ ಸಮೇತ ವಾಪಸು ತಂದು ಹಳೆಯ ಮನೆಯಲ್ಲೇ ಬಿಟ್ಟರು. ಹೊಸ ಮನೆಯ ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ನೀರಿನ ಕೊಳವೆಗಳು. ಗೋಡೆಗೆ ಎಂಥದೋ ಬೂದಿ ಬಣ್ಣ. ನವಿಲಕ್ಕ ಪಾತ್ರೆ ಜೋಡಿಸಿದಳು, ಹಾಸಿಗೆ ಬಿಚ್ಚಿದಳು, ಅಷ್ಟಕ್ಕೇ ನಿಲ್ಲಿಸಿದಳು. ಹಳೆಯ ಮನೆಯ ದೀಪದ ಸ್ವಿಚ್ಚಿನ ಗುಟ್ಟನ್ನು ಮಾತ್ರ ಓನರಮ್ಮನಿಗೆ ಹೇಳಿ ಬಂದಿರಲಿಲ್ಲ. ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಹೊಟ್ಟೆಯುರಿ ಎನ್ನಿ ಬೇಕಾದರೆ.

ಆ ಮನೆ ಬಿಟ್ಟು ನಾಲ್ಕು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಶೋರೂಮಿನ ದೀಪದ ವಿಭಾಗಕ್ಕೆ ಒಬ್ಬ ಹುಡುಗಿ ಬಂದಳು. ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿ, "ಅಕ್ಕ, ಈ ಜಾಗಕ್ಕೆ ಇಂಥದ್ದೇ ಒಂದು ತೂಗುದೀಪ ಬೇಕಿತ್ತು. ಇರೋದು ಕೆಟ್ಟೋಗಿದೆ, ಏನು ಮಾಡಿದ್ರೂ ಹತ್ತಲ್ಲ" ಎಂದಳು.

ಫೋಟೋದಲ್ಲಿ ನವಿಲಕ್ಕನ ಗೋಡೆ, ನವಿಲಕ್ಕನ ಕಟ್ಟೆ, ನವಿಲಕ್ಕನ ದೀಪ. ದಿಂಬುಗಳು ಹೇಗೆ ಬೇಕೋ ಹಾಗೆ ಬಿದ್ದಿದ್ದವು. ಹುಡುಗಿ ಒಳ್ಳೆಯವಳೇ, ಮುಖದಲ್ಲಿ ಕಪಟವಿಲ್ಲ. ಇವಳು ಯಾರೆಂದು ಅವಳಿಗೆ ತಿಳಿಯುವಂತಿರಲಿಲ್ಲ. ನವಿಲಕ್ಕ ಫೋಟೋದ ದೀಪವನ್ನು ಬೆರಳಿಂದ ದೊಡ್ಡದು ಮಾಡಿ ನೋಡಿದಳು. ಗೋಡೆ ಹೋಗಲಿ, ಸೋಫಾ ಹೋಗಲಿ, ಆ ದೀಪವೊಂದು ಕೈಗೆ ಬಂದರೆ ಬೂದಿ ಗೋಡೆಯ ಮನೆಯಲ್ಲೂ ಹೇಗೋ ಬದುಕಿಕೊಳ್ಳಬಹುದು ಅನ್ನಿಸಿತು.

"ಹೊಸದು ನಾವೇ ಬಂದು ಹಾಕಿಕೊಡ್ತೀವಿ. ಕೆಟ್ಟಿರೋದನ್ನ ನಾವೇ ತಗೊಂಡು ಹೋಗ್ತೀವಿ, ನಿಮಗೆ ಎಸೆಯೋ ತಾಪತ್ರಯ ಬೇಡ" ಎಂದಳು.

"ಅಷ್ಟು ಮಾಡಿ ಪುಣ್ಯ ಕಟ್ಕೊಳ್ಳಿ. ಅತ್ತೆ ಮಗಳ ಮನೆಗೆ ಹೋಗಿದ್ದಾರೆ, ಇವರು ಕೆಲಸದಿಂದ ಬರೋದು ರಾತ್ರಿ, ನನಗೊಬ್ಬಳಿಗೇ ಏನೂ ತೋಚಲ್ಲ" ಎಂದಳು ಹುಡುಗಿ.

ಅಂಗಡಿಯ ಎಲೆಕ್ಟ್ರಿಷಿಯನ್ನು ರಜೆಯಲ್ಲಿದ್ದ. ಅದೂ ಅನುಕೂಲವೇ ಆಯಿತು. ಗಂಡನನ್ನು ಹೊರಡಿಸಿದಳು. ಅವನು ಏಣಿ ಹಿಡಿದು ಹಿಂದೆಮುಂದೆ ನೋಡಿದ.

"ಇದು ಕಳ್ಳತನ ಆಗಲ್ವೇನೆ?"

"ನಮ್ಮ ದೀಪ ನಾವು ತರೋದು ಕಳ್ಳತನ ಏನ್ರೀ? ನೀವು ಬಾಯಿ ಬಿಡ್ಬೇಡಿ, ಹತ್ತಿ, ಬಿಚ್ಚಿ, ಇಳೀರಿ. ಅಷ್ಟೇ."

ಸಂಜೆ ಆರರ ಹೊತ್ತಿಗೆ ಇಬ್ಬರೂ ಆ ಮೆಟ್ಟಿಲು ಹತ್ತಿದರು. ಮುಂದೆ ಹೊಸ ದೀಪದ ಡಬ್ಬ ಹಿಡಿದ ನವಿಲಕ್ಕ, ಹಿಂದೆ ಏಣಿ ಹೊತ್ತ ಗಂಡ. ತಮ್ಮದೇ ಆಗಿದ್ದ ಬಾಗಿಲಿನ ಬೆಲ್ ಒತ್ತಿ ಕಾಯುವಾಗ ಅವಳಿಗೆ ನಾಚಿಕೆಯೂ ಆಯಿತು, ಅಳುವೂ ಬಂತು. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಒಪ್ಪಿಸಿಕೊಂಡು ಬಂದಿದ್ದಳು. ಒಳಗೆ ಏನನ್ನೂ ಗುರುತು ಹಿಡಿದವಳಂತೆ ನೋಡಬಾರದು, ಕಟ್ಟೆಯ ಮೇಲೆ ಕೂರಬಾರದು, ದಿಂಬು ಸರಿಮಾಡಬಾರದು.

ಹುಡುಗಿ ಬಾಗಿಲು ತೆರೆದು, "ಬನ್ನಿ ಅಕ್ಕ, ಹುಷಾರು, ಇಲ್ಲಿ ಸ್ವಲ್ಪ ಕತ್ತಲು" ಎಂದು ಹಿಂದಕ್ಕೆ ಸರಿದಳು.

ನವಿಲಕ್ಕ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದಳು. ಡಬ್ಬವನ್ನು ಬಲಗೈಗೆ ಬದಲಾಯಿಸಿದಳು. ಎಡಗೈ ಅವಳ ಮಾತು ಕೇಳಲು ನಿಲ್ಲಲೇ ಇಲ್ಲ. ಎರಡೂವರೆ ವರ್ಷ ದಿನಾ ಸಂಜೆ ಹೋದ ಹಾಗೆ ಅಲಮಾರಿಯ ಸಂದಿಯೊಳಗೆ ಹೋಯಿತು, ಟಕ್ ಎಂದಿತು.

ದೀಪ ಹತ್ತಿತು. ಗೋಡೆಗಳೆಲ್ಲ ಹಸಿರುನೀಲಿ ನೀರಾದವು.

ಹುಡುಗಿ ಬಾಯಿ ತೆರೆದು ನಿಂತುಬಿಟ್ಟಳು. "ಅಯ್ಯೋ ದೇವ್ರೆ, ಇದು ಹತ್ತುತ್ತಾ? ಸ್ವಿಚ್ಚು ಅಲ್ಲಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು ಅಕ್ಕ?"

ಹೇಳಿಬಿಡಬಹುದಿತ್ತು. ಹೇಳಿದರೆ ಹುಡುಗಿಗೆ ಅಯ್ಯೋ ಅನ್ನಿಸುತ್ತಿತ್ತೇನೋ, ಕೂರಿಸಿ ಉಪಚಾರ ಮಾಡುತ್ತಿದ್ದಳೇನೋ. ತನ್ನದೇ ಮನೆಯಲ್ಲಿ ಅತಿಥಿಯಾಗಿ ಉಪಚಾರ ಮಾಡಿಸಿಕೊಳ್ಳುವ ಶಕ್ತಿ ನವಿಲಕ್ಕನಲ್ಲಿ ಉಳಿದಿರಲಿಲ್ಲ.

"ಇಂಥ ದೀಪಗಳಿಗೆ ಹೀಗೇ ಎಲ್ಲಾದ್ರೂ ಮರೆಯಲ್ಲಿ ಇಟ್ಟಿರ್ತಾರೆ" ಎಂದಳು.

ಗಂಡ ಏಣಿಯನ್ನು ಗೋಡೆಗೆ ಒರಗಿಸಲೂ ಇಲ್ಲ, ಕೆಳಗಿಡಲೂ ಇಲ್ಲ. ನೆಲ ನೋಡುತ್ತ ನಿಂತಿದ್ದ.

"ಹಾಗಾದ್ರೆ ಹೊಸದು ಬೇಡ್ವೇ ಬೇಡ. ಇದರ ಮುಂದೆ ಅದೇನು? ಎಲ್ಲಿ, ನನಗೂ ತೋರಿಸಿ" ಎಂದು ಹುಡುಗಿ ಸಂದಿಯೊಳಗೆ ಕೈ ತೂರಿಸಿ ತಡಕಾಡಿದಳು. ಸಿಗಲಿಲ್ಲ. ನವಿಲಕ್ಕ ಅವಳ ಕೈ ಹಿಡಿದು, ಬೆರಳನ್ನು ಸ್ವಿಚ್ಚಿನ ಮೇಲೆ ತಂದು ಇಟ್ಟಳು. ಹುಡುಗಿ ಆರಿಸಿದಳು, ಹಾಕಿದಳು, ಮತ್ತೆ ಆರಿಸಿದಳು, ಮತ್ತೆ ಹಾಕಿದಳು. ಆಟದ ಸಾಮಾನು ಸಿಕ್ಕಿದ ಮಗುವಿನ ಹಾಗೆ ನಗುತ್ತಿದ್ದಳು. ಕಾಫಿ ಕುಡಿದು ಹೋಗಿ ಎಂದಳು. ಇಬ್ಬರೂ ಬೇಡವೆಂದರು.

ತೆರೆಯದ ಡಬ್ಬ ಹಿಡಿದುಕೊಂಡೇ ಕೆಳಗಿಳಿದರು. ಬೀದಿಗೆ ಬಂದ ಮೇಲೆ ಗಂಡ, "ಹೋಗ್ಲಿ ಬಿಡೆ. ನಿನ್ನ ಕೈಗೆ ಏನ್ ಗೊತ್ತು ಪಾಪ" ಎಂದ. ಮೇಲಿನ ಕಿಟಕಿಯಲ್ಲಿ ದೀಪ ಇನ್ನೂ ಆರುತ್ತಿತ್ತು, ಹತ್ತುತ್ತಿತ್ತು. ನವಿಲಕ್ಕ ಅದನ್ನೇ ನೋಡುತ್ತ ನಿಂತಳು. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ.

"ಹತ್ತದೆ ಇದ್ದಷ್ಟು ದಿನವಾದ್ರೂ ಅದು ನಮ್ಮದಾಗಿತ್ತು ಕಣ್ರೀ" ಎಂದಳು.

ಗಂಡ ಏಣಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಮುಂದೆ ನಡೆದ.