ಎಲ್ಲರಿಗೂ ಐದು-ಒಂಬತ್ತು

ನಮ್ಮ ಯಜಮಾನರಿಗೆ ಇದ್ದ ಚಟ ಒಂದೇ. ಬೀಡಿಯಲ್ಲ, ಇಸ್ಪೀಟಲ್ಲ, ರೇಡಿಯೊ. ಹಾಡು ಕೇಳುವ ರೇಡಿಯೊ ಆಗಿದ್ದರೆ ನನಗೂ ಉಪಯೋಗವಿತ್ತು. ಇದು ಮಾತಾಡುವ ರೇಡಿಯೊ. ಪರೀಕ್ಷೆ ಪಾಸಾಗಿ, ಸರಕಾರದ ಲೈಸೆನ್ಸು ಪಡೆದು, ಮಾಳಿಗೆಯ ಮೇಲೆ ಉದ್ದನೆಯ ತಂತಿ ಬಿಗಿದು, ಮುಖ ನೋಡದ ಊರಿನ ಮುಖ ನೋಡದ ಗಂಡಸರ ಜೊತೆ ಕೂತು ಹರಟುವುದು. ಇಷ್ಟಕ್ಕೂ ಹರಟೆ ಏನು? ನಿಮ್ಮಲ್ಲಿ ಮಳೆ ಇದೆಯೇ, ನಮ್ಮಲ್ಲಿ ಬಿಸಿಲಿದೆ. ಅಷ್ಟನ್ನು ನಾನು ಕಿಟಕಿಯಿಂದ ನೋಡಿ ಹೇಳುತ್ತಿದ್ದೆ.

ರಾಯಚೂರಿನಿಂದ ಬಂದು ಹೈದರಾಬಾದಿನ ಕುಷಾಯಿಗೂಡದಲ್ಲಿ ಮನೆ ಮಾಡಿದವರು ನಾವು. ಅವರು ಅಲ್ಲೇ ಹತ್ತಿರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದರು. ನಾನು ಹೇಳುತ್ತಿರುವುದು ಹೈದರಾಬಾದಿನಲ್ಲಿ ಕಾಯಿಪಲ್ಲೆ ಮಾರುವವನ ಬಾಯಲ್ಲೂ ಸಾಫ್ಟ್‌ವೇರ್ ಎಂಬ ಮಾತು ಬರುತ್ತಿದ್ದ ಕಾಲದ ವಿಷಯ. ಮಣಿಕೊಂಡದ ಬಂಡೆಗಳನ್ನು ಒಡೆದು ಅಪಾರ್ಟ್‌ಮೆಂಟು ಎಬ್ಬಿಸುತ್ತಿದ್ದರು. ಎಲ್ಲರ ಸೊಂಟದಲ್ಲೂ ಸೆಲ್‌ಫೋನು. 'ಇನ್ನು ನಿಮ್ಮ ಡಬ್ಬಿ ಯಾರಿಗೆ ಬೇಕು?' ಎಂದು ಓಣಿಯವರೆಲ್ಲ ನಮ್ಮ ಯಜಮಾನರನ್ನು ಛೇಡಿಸುತ್ತಿದ್ದರು. ಅವರು ಸಿಟ್ಟಾಗುತ್ತಿರಲಿಲ್ಲ. 'ತುಫಾನು ಬಂದಾಗ ಹೇಳ್ತೀನಿ' ಎನ್ನುತ್ತಿದ್ದರು.

ಬಂತು. ಸಮುದ್ರದಲ್ಲಿ ತುಫಾನು ಎದ್ದಿದೆ, ಎರಡು ಮೂರು ದಿನಗಳಲ್ಲಿ ಆಂಧ್ರದ ದಂಡೆಗೆ ಬಡಿಯುತ್ತದೆ ಎಂದು ಟಿವಿಯಲ್ಲಿ ಹೇಳಿದರು. ಗಾಳಿಗೆ ಟವರು ಬಿದ್ದರೆ ಸೆಲ್‌ಫೋನು ಸತ್ತಂತೆ. ಆಗ ಬೇಕಾಗುವುದು ಈ ಡಬ್ಬಿಯೇ. ಅಲ್ಲಿಗೆ ಹೋಗಿ ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಕೂತು, ಜನಕ್ಕೆ ಏನು ಬೇಕೆಂಬ ಸುದ್ದಿಯನ್ನು ಹೈದರಾಬಾದಿಗೆ ಕಳಿಸಬೇಕು. ಹಿಂದೆ ತುಫಾನು ಬಂದಾಗಲೆಲ್ಲ ಯಜಮಾನರಿಗೆ ಪಾಳಿ ಬಿಟ್ಟು ಹೋಗಲಾಗಿರಲಿಲ್ಲ. ಈಗ ಪಾಳಿ ಇಲ್ಲ. ಹಬ್ಬಕ್ಕೆ ಹೊಸ ಅಂಗಿ ಸಿಕ್ಕ ಕೂಸಿನ ಹಾಗೆ ಚೀಲ ಕಟ್ಟಿಕೊಂಡು ತಯಾರಾದರು. ನಾನೂ ಬೇಡವೆನ್ನಲಿಲ್ಲ. ನಾಲ್ಕು ದಿನ ಮನೆ ತಣ್ಣಗಿರುತ್ತದೆ.

ಅವರ ತಂಡ ಎಂದರೆ ಮೂರೇ ಮಂದಿ. ಯಜಮಾನರು, ಕಾಚಿಗೂಡದಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದ ಕಲಬುರಗಿ ಕಡೆಯವರೊಬ್ಬರು, ಮತ್ತೆ ಮಣಿಕೊಂಡದಲ್ಲಿ ರೂಮು ಮಾಡಿಕೊಂಡಿದ್ದ ಮೈಸೂರಿನ ಸಾಫ್ಟ್‌ವೇರ್ ಹುಡುಗಿ. ಗಂಡಸರಿಬ್ಬರು ದಂಡೆಗೆ ಹೋಗುವುದು, ಮೈಕು ಯಜಮಾನರ ಕೈಯಲ್ಲಿ. ಹುಡುಗಿ ನಮ್ಮ ಮಾಳಿಗೆಯ ಕೋಣೆಯಲ್ಲಿ ಕೂತು ಇಲ್ಲಿಂದ ಉತ್ತರ ಕೊಡುವುದು. ಹೀಗೆ ಗೊತ್ತಾಗಿತ್ತು. ಹೊರಡುವ ದಿನ ಬೆಳಿಗ್ಗೆ ಕೊನೆಯ ತಾಲೀಮು. ಹುಡುಗಿ ಮಣಿಕೊಂಡದ ತನ್ನ ಮಾಳಿಗೆಯಿಂದ ಮಾತಾಡಬೇಕು, ಯಜಮಾನರು ಇಲ್ಲಿ ಕೇಳಬೇಕು.

ಇವರಲ್ಲಿ ಒಂದು ರಿವಾಜಿದೆ. ಯಾರು ಮಾತಾಡಿದರೂ ಮೊದಲು ಅವರ ಧ್ವನಿಗೆ ಮಾರ್ಕು ಕೊಡಬೇಕು. ಮಾತು ಎಷ್ಟು ತಿಳಿಯಿತು ಎಂಬುದಕ್ಕೆ ಐದರೊಳಗೆ, ಎಷ್ಟು ಜೋರಾಗಿ ಬಂತು ಎಂಬುದಕ್ಕೆ ಒಂಬತ್ತರೊಳಗೆ. ಐದು-ಒಂಬತ್ತು ಎಂದರೆ ಪಕ್ಕದಲ್ಲಿ ಕೂತು ಮಾತಾಡಿದಷ್ಟು ಸ್ವಚ್ಛ. ನಾನು ನಾಲ್ಕನೇ ಇಯತ್ತೆ ಕಲಿತವಳು. ನಮ್ಮ ಮಾಸ್ತರರು ತಪ್ಪಿದರೆ ಸೊನ್ನೆ ಕೊಟ್ಟು ಮೇಲೆ ಒಂದು ಏಟನ್ನೂ ಕೊಡುತ್ತಿದ್ದರು. ಇಲ್ಲಿ ಹಾಗಿಲ್ಲ. ಬೀಗರಿಗೆ ತುಪ್ಪ ಬಡಿಸಿದಂತೆ ಎಲ್ಲರಿಗೂ ಐದು-ಒಂಬತ್ತು. ಕೊಟ್ಟಾದ ಮೇಲೆ, 'ನಿಮ್ಮ ಹೆಸರು ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ!' ಕಡಿಮೆ ಕೊಟ್ಟರೆ ಎದುರಿನವರಿಗೆ ಬೇಜಾರಂತೆ.

ನಾನು ಕೆಳಗೆ ದಾರಿಗೆಂದು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟುತ್ತಿದ್ದೆ. ಮೇಲಿಂದ ಯಜಮಾನರ ದನಿ ಬರುತ್ತಲೇ ಇತ್ತು. ಐದು-ಒಂಬತ್ತು, ಮತ್ತೊಮ್ಮೆ ಹೇಳು. ಐದು-ಒಂಬತ್ತು, ಮತ್ತೊಮ್ಮೆ ಹೇಳು. ಚಹಾ ತೆಗೆದುಕೊಂಡು ಹೋಗಿ ನೋಡಿದರೆ ಕೋಣೆ ಜಾತ್ರೆಯಾಗಿದೆ. ಬ್ಯಾಟರಿಯವರು ತಂತಿಯನ್ನು ನೆಲಕ್ಕಿಳಿಸಿದ್ದಾರೆ, ಕೇಬಲ್ಲಿನ ತುದಿ ಕತ್ತರಿಸಿ ಹೊಸದಾಗಿ ಬೆಸುಗೆ ಹಾಕುತ್ತಿದ್ದಾರೆ, ಬ್ಯಾಟರಿ ಬದಲಿಸಿದ್ದಾರೆ. ಅತ್ತ ಮಣಿಕೊಂಡದಲ್ಲಿ ಹುಡುಗಿಯೂ ತನ್ನ ತಂತಿ ಬಿಚ್ಚಿ ಕೂತಿದ್ದಾಳಂತೆ. ಯಜಮಾನರು ಹೆಡ್‌ಫೋನು ಹಾಕಿಕೊಂಡು ಗಂಭೀರವಾಗಿದ್ದಾರೆ.

'ಏನಾತ್ರಿ?' ಅಂದೆ.

'ಎಲ್ಲೋ ಫಾಲ್ಟ್ ಐತ್ರಿ ಅಕ್ಕಾರ,' ಅಂದರು ಬ್ಯಾಟರಿಯವರು. 'ಮುಂಜಾನಿಂದ ಹುಡುಕಾಕತ್ತೀನಿ, ಸಿಗವಲ್ದು. ಸಾಹೇಬ್ರಿಗೆ ಮಾತು ಸಾಫ್ ಬರವಲ್ದು.'

ನನಗೆ ನಗು ಬಂತು. ಮನೆಯಲ್ಲಿ ಕುಕ್ಕರು ಕೂಗಿದರೆ ಕೇಳದ, ಟಿವಿಯನ್ನು ಪಕ್ಕದ ಓಣಿಗೆಲ್ಲ ಕೇಳಿಸುವ ಮನುಷ್ಯ ಇವರು. ಎದುರಿಗಿದ್ದರೆ ನಮ್ಮ ತುಟಿ ನೋಡಿ ಮಾತು ಹಿಡಿಯುತ್ತಾರೆ, ಹಾಗಾಗಿ ಹೊರಗಿನವರಿಗೆ ಗೊತ್ತಾಗದು. ಡಾಕ್ಟರು ಕೊಟ್ಟ ಕಿವಿಯ ಮಷಿನ್ನು ಸ್ಕ್ರೂಗಳ ಡಬ್ಬಿಯಲ್ಲಿ ಬಿದ್ದಿತ್ತು. ಹೆಡ್‌ಫೋನಿಗೆಲ್ಲಿ ತುಟಿ?

'ತಂತಿ ಸರಿ ಐತಿ,' ಅಂದೆ. 'ಕಿವಿ ಸರಿ ಇಲ್ಲ. ನೀವೊಮ್ಮೆ ಹಾಕ್ಕೊಂಡು ಕೇಳ್ರಿ.'

'ಅಕ್ಕಾರ, ಹಂಗನಬ್ಯಾಡ್ರಿ, ಹಿರ್ಯಾರು—'

'ಹಿರ್ಯಾರಿಗೆ ಕಿವಿ ಕೆಡೂದಿಲ್ಲೇನು? ಹಾಕ್ಕೋರಿ.'

ಅವರು ನೆಲ ನೋಡುತ್ತ ತಂತಿ ಮತ್ತೆ ಏರಿಸಿದರು, ಹುಡುಗಿಗೂ ಫೋನು ಮಾಡಿ ಅವಳ ತಂತಿ ಕಟ್ಟಿಸಿದರು, ಹೆಡ್‌ಫೋನು ಹಾಕಿಕೊಂಡರು, ಕೇಳಿದರು. ಮುಖ ಸಣ್ಣದಾಯಿತು. ಹುಡುಗಿಯ ಮಾತು ಗಂಟೆ ಬಾರಿಸಿದಂತೆ ಬರುತ್ತಿತ್ತು. ಸಾಹೇಬರ ಕಿವಿಯ ಬಗ್ಗೆ ಅನುಮಾನ ಅವರಿಗೆ ಮೊದಲೇ ಇದ್ದಿರಬೇಕು. ಬಾಯಿಬಿಟ್ಟು ಹೇಳುವ ಬದಲು ಒಳ್ಳೆಯ ಕೇಬಲ್ಲನ್ನು ಕತ್ತರಿಸುತ್ತ ಕೂತಿದ್ದರು, ಪುಣ್ಯಾತ್ಮರು.

ಯಜಮಾನರು ನನ್ನತ್ತ ತಿರುಗಿದರು. 'ಮಂದಿ ಮುಂದ ನನ್ನ ಮರ್ಯಾದಿ ಕಳದಿ.'

'ಅಲ್ಲಿ ಒಬ್ಬಾಕಿ ಹಡಿಯಾಕತ್ತಾಳ, ದೋಣಿ ಕಳಸ್ರಿ ಅಂತ ಯಾರರ ಹೇಳ್ತಾರ. ನೀವು ಐದು-ಒಂಬತ್ತು ಅಂತೀರಿ. ಆಕಿ ನಿಮ್ಮ ಮಾರ್ಕು ತಗೊಂಡು ಏನು ಮಾಡಬೇಕು?'

ಅವರು ಚೀಲ ಬಿಚ್ಚಿ ಅಂಗಿ ಪಂಚೆಗಳನ್ನು ಒಂದೊಂದಾಗಿ ಹೊರಗಿಟ್ಟರು. 'ಹೋಗಂಗಿಲ್ಲ' ಎಂದು ಗೋಡೆಗೆ ಹೇಳಿದರು. ಚಹಾ ಆರಿ ಕೆನೆಗಟ್ಟಿತು. ನನಗೆ ಕೆಡುಕೆನಿಸಿತೇ ಎಂದರೆ, ಎನಿಸಿತು. ಆದರೆ ಹೇಳಿದ್ದನ್ನು ವಾಪಸು ತೆಗೆದುಕೊಳ್ಳುವಂಥದ್ದೇನೂ ಅಲ್ಲ.

ಮಧ್ಯಾಹ್ನ ದಂಡೆಗೆ ಕರೆದೊಯ್ಯುವ ಜೀಪು ಬಂತು, ಅದರಲ್ಲೇ ಹುಡುಗಿಯೂ ಬಂದಳು. ವಿಷಯ ಕೇಳಿ, 'ಅಷ್ಟೇನಾ ಅಜ್ಜಿ? ಹಾಗಾದ್ರೆ ನಾನು ಹೋಗ್ತೀನಿ, ಇವ್ರು ಇಲ್ಲಿರ್ಲಿ' ಅಂದಳು, ಬ್ಯಾಟರಿಯವರನ್ನು ತೋರಿಸಿ. ಆಫೀಸಿಗೆ ಫೋನು ಮಾಡಿ ಇಂಗ್ಲಿಷಿನಲ್ಲಿ ಅಷ್ಟು ಹೊತ್ತು ರಜೆ ಕೇಳಿದಳು. ನಾವಾಗಿದ್ದರೆ ಹೊಟ್ಟೆನೋವು ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆವು. ಆಮೇಲೆ ಬಿದಿರಿನ ಗಳಕ್ಕೆ ಹಗ್ಗದಿಂದ ತಂತಿಯನ್ನು ಕಟ್ಟಿ ಜೀಪಿಗೆ ಹೇರಲು ಹೋದಳು.

ಯಜಮಾನರು ಬಾಗಿಲಲ್ಲಿ ಮುಖ ಊದಿಸಿಕೊಂಡು ಕೂತಿದ್ದರು. ಹುಡುಗಿ ಗಂಟು ಹಾಕುವುದು ಕಣ್ಣಿಗೆ ಬಿತ್ತು. ಲಂಗದ ಲಾಡಿ ಕಟ್ಟಿದಂತೆ ಕಟ್ಟಿದ್ದಳು.

'ಏ, ಏನ್ ಕಟ್ಟಾಕತ್ತೀಯವಾ? ಅದರ ಮ್ಯಾಲ ಕಾಗಿ ಕುಂತ್ರೂ ಬೀಳ್ತೈತಿ. ತುಫಾನಿನ ಗಾಳಿ ಅದು!'

'ನಂಗೆ ಬರೋದೇ ಇಷ್ಟು ಸರ್,' ಅಂದಳು ಅವರಿಗೆ ಎದುರಾಗಿ ನಿಂತು. 'ಮಾತು ನಾನು ನೋಡ್ಕೋತೀನಿ. ಗಾಳಿಲಿ ಇದನ್ನ ನಿಲ್ಸೋರು ಯಾರು?'

ಬೇಕೆಂದೇ ಕೆಟ್ಟದಾಗಿ ಕಟ್ಟಿದಳೆಂದು ಬ್ಯಾಟರಿಯವರು ಇಂದಿಗೂ ಹೇಳುತ್ತಾರೆ. ನಾನು ನಂಬುವುದಿಲ್ಲ. ಆ ಹುಡುಗಿಗೆ ಸೀರೆಯ ಗಂಟೂ ಬರುತ್ತಿರಲಿಲ್ಲ. ಯಜಮಾನರು ಎದ್ದು ಹೋಗಿ ಹಗ್ಗ ಕಸಿದುಕೊಂಡರು. ಬಿಚ್ಚಿದರು, ಬಿಗಿದರು, ಎಳೆದು ನೋಡಿದರು, ಹಾಗೆಯೇ ಜೀಪು ಹತ್ತಿದರು. ಹೊರಗಿಟ್ಟಿದ್ದ ಬಟ್ಟೆಯನ್ನು ನಾನೇ ತುರುಕಿಕೊಟ್ಟೆ. ನನ್ನತ್ತ ತಿರುಗಿಯೂ ನೋಡಲಿಲ್ಲ. ಸ್ಟೀಲಿನ ಬುತ್ತಿ ಡಬ್ಬಿಯನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡರು.

ತುಫಾನು ಬಡಿಯಿತು, ದಂಡೆಯ ಫೋನುಗಳೆಲ್ಲ ಸತ್ತವು. ಮಾರನೆಯ ಮುಂಜಾನೆ ನಮ್ಮ ಕೋಣೆಯಲ್ಲಿ ಬ್ಯಾಟರಿಯವರು ಕೂಗಿ ಕೂಗಿ ಕರೆದ ಮೇಲೆ ಹುಡುಗಿಯ ದನಿ ಸಿಕ್ಕಿತು. ಹೆಡ್‌ಫೋನು ತೆಗೆದಿಟ್ಟು ಸ್ಪೀಕರು ಹಾಕಿಸಿದ್ದೆ, ನನಗೂ ಕೇಳಬೇಕಲ್ಲ. ಒಂದು ಶಾಲೆಯಲ್ಲಿದ್ದೇವೆ ಎಂಬುದಷ್ಟು ತಿಳಿಯಿತು. ಉಳಿದದ್ದು ಒಲೆಯ ಮೇಲಿಟ್ಟ ಸಾರಿನ ಹಾಗೆ ಗೊರಗೊರ. ನಡುವೆ ಯಜಮಾನರೇ ಮೈಕು ತೆಗೆದುಕೊಂಡು, ಹೇಗೆ ಕೇಳುತ್ತಿದೆ ಎಂದರು.

'ಸಾಹೇಬ್ರ, ಐದು-ಒಂಬತ್ತು!' ಅಂದರು ಬ್ಯಾಟರಿಯವರು.

'ಎಲ್ಲೀ ಐದು-ಒಂಬತ್ತು? ಅರ್ಧಾ ಮಾತು ತಿಳೀಲಿಲ್ಲ. ಖರೇ ಹೇಳ್ರಿ,' ಅಂದೆ.

'ಅಕ್ಕಾರ, ಪಾಪ, ಅಷ್ಟು ದೂರದಾಗ ಅದಾರ. ಮನಸ್ಸಿಗೆ—'

'ಅವರ ಮನಸ್ಸು ನನಗ ಬಿಡ್ರಿ.'

ಅವರು ಗುಂಡಿ ಒತ್ತಿ, ಮದುವೆ ಮುರಿದ ಸುದ್ದಿ ಹೇಳುವವರಂತೆ, 'ಎರಡು-ಮೂರ್ ರೀ' ಅಂದರು. ಸ್ವಲ್ಪ ಹೊತ್ತು ಬರೀ ಗೊರಗೊರ. ಹುಡುಗಿ ಅದನ್ನು ಅವರಿಗೆ ಮುಖಕ್ಕೆ ಮುಖ ಕೊಟ್ಟು ಹೇಳುತ್ತಿರಬೇಕು. ಆಮೇಲೆ ಯಜಮಾನರ ದನಿ ಬಂತು.

'ಮಗ್ಗಲದಾಗ ನಮ್ಮಾಕಿ ಕುಂತಾಳೇನು?'

'ಹೌದ್ರಿ.'

'ತಡೀರಿ. ತಂತಿ ನೋಡಿ ಬರ್ತೀನಿ.'

ತಂತಿಯ ಒಂದು ತುದಿ ಗಾಳಿಗೆ ಜೋಲು ಬಿದ್ದು ಒದ್ದೆ ಗೋಡೆಗೆ ತಾಗಿಕೊಂಡಿತ್ತಂತೆ. ಮೊಣಕಾಲು ನೋವಿನವರು ಶಾಲೆಯ ಮಾಳಿಗೆ ಹತ್ತಿ ಎತ್ತಿ ಕಟ್ಟಿದರು. ನಾನು ಕೆಳಗಿಳಿದು ಅಕ್ಕಿ ಆರಿಸಿ ಮೇಲೆ ಬರುವಷ್ಟರಲ್ಲಿ ಹುಡುಗಿಯ ದನಿ ನಮ್ಮ ಕೋಣೆಯಲ್ಲೇ ನಿಂತಂತೆ ಬಂತು. ಕೂಸುಗಳಿಗೆ ಹಾಲಿನ ಪುಡಿ, ಜ್ವರದ ಗುಳಿಗೆ, ಕುಡಿಯುವ ನೀರು, ದಾರಿಗೆ ಬಿದ್ದ ಮರ ಕಡಿಯಲು ಜನ. ಒಂದು ಮಾತೂ ಇನ್ನೊಮ್ಮೆ ಕೇಳಬೇಕಾಗಲಿಲ್ಲ. ಬ್ಯಾಟರಿಯವರು ಕೇಳಿಸಿಕೊಂಡದ್ದನ್ನು ಕೇಳಿಸಿಕೊಂಡಂತೆ ಸರಕಾರದ ತುಫಾನು ಪರಿಹಾರದ ಕಚೇರಿಗೆ ಫೋನು ಮಾಡಿ ಮುಟ್ಟಿಸಿದರು.

'ಈಗ ಹೆಂಗೈತಿ? ಆಕೀನ್ನ ಕೇಳ್ರಿ,' ಅಂದರು ಯಜಮಾನರು.

ಲೈಸೆನ್ಸಿಲ್ಲದವರು ಮೈಕು ಮುಟ್ಟಬಾರದಂತೆ. ಬ್ಯಾಟರಿಯವರ ಬಾಯಲ್ಲೇ ಹೇಳಿಸಿದೆ. 'ಐದು-ಒಂಬತ್ತು. ಬುತ್ತಿ ಡಬ್ಬಿ ಮರೆತು ಬರಬ್ಯಾಡ್ರಿ.'

ಡಬ್ಬಿ ಬಂತು, ಮುಚ್ಚಳ ಬರಲಿಲ್ಲ. ಯಜಮಾನರು ಸ್ಕ್ರೂಗಳ ಡಬ್ಬಿಯಿಂದ ಕಿವಿಯ ಮಷಿನ್ನನ್ನು ತಾವಾಗಿಯೇ ತೆಗೆದು ಹಾಕಿಕೊಂಡರು. ರೇಡಿಯೊ ಹಚ್ಚಿದರೆ ಅದು ಕಿವಿಯಲ್ಲಿ ಜೇನುಹುಳದಂತೆ ಗುಂಯ್‌ಗುಡುತ್ತದೆ ಎಂದು ಆಗ ತೆಗೆದಿಡುತ್ತಾರೆ. ಉಳಿದ ಹೊತ್ತು ಹಾಕಿಕೊಂಡೇ ಇರುತ್ತಾರೆ. ಈಗ ನಾನು ಅಡುಗೆಮನೆಯಲ್ಲಿ ಗೊಣಗಿದ್ದೂ ಅವರಿಗೆ ಕೇಳುತ್ತದೆ. ಅದೊಂದು ಹೊಸ ತಾಪತ್ರಯ.